ಕರಂಡೆ ಬೇಲಿ ನೆಟ್ಟ ಮಕ್ಕಳು

ಆಗೆಲ್ಲ ಬೇಸಗೆ ರಜೆಯೆಂದರೆ ನಮ್ಮ ತುಟಿಗಳು ದಿನವಿಡೀ ಅಂಟಂಟಾಗಿರುತ್ತಿದ್ದ ಕಾಲ. ನಂತೂರಿನ ಹೆದ್ದಾರಿಗೆ ಬೆನ್ನು ಹಾಕಿ ಏರುವ ಮುರಕಲ್ಲಿನ ಗುಡ್ಡದ ಮೇಲೆ ನಮ್ಮ ಬಡಾವಣೆಯಿತ್ತು; ಅದರ ಅಂಚಿನಲ್ಲಿ ಯಾರೂ ನೆಡದ, ಯಾರೂ ನೀರು ಹಾಕದ ಕರಂಡೆ ಪೊದೆಗಳಿದ್ದವು. ಘಟ್ಟದ ಮೇಲಿನವರು ಇದನ್ನು ಕವಳಿ ಎನ್ನುತ್ತಾರೆ. ವರ್ಷವಿಡೀ ಹಸಿರಾಗಿರುವ, ಮಲ್ಲಿಗೆಯಂಥ ಪರಿಮಳದ ಸಣ್ಣ ಬಿಳಿ ಹೂ ಬಿಡುವ, ಗೆಣ್ಣು ಗೆಣ್ಣಿಗೂ ಜೋಡಿಮುಳ್ಳು ಹೊತ್ತ ಗಿಡ. ಎಪ್ರಿಲಿನಲ್ಲಿ ಅದರ ಎಳೆಗಾಯಿಗಳು ಉಪ್ಪುನೀರಿನ ಭರಣಿ ಸೇರುತ್ತಿದ್ದವು. ಕೊಯ್ಯದೆ ಉಳಿದವು ಮೇ ಕೊನೆಗೆ ಕೆಂಪಾಗಿ, ನೇರಳೆಯಾಗಿ, ಕಪ್ಪಾಗುತ್ತಿದ್ದವು. ಹಣ್ಣನ್ನು ಕಚ್ಚುವ ಮೊದಲು ಎದುರಿನವರು ಹೇಳಬೇಕು: ಪೂಂಜೆಯೋ ಪೆರಡೆಯೋ, ಹುಂಜವೋ ಹೇಂಟೆಯೋ? ಒಳಗೆ ಕಡುಗೆಂಪಿದ್ದರೆ ಹುಂಜ, ಬಿಳಿಚಿದ್ದರೆ ಹೇಂಟೆ. ತಪ್ಪು ಹೇಳಿದವರು ತಮ್ಮ ಹಣ್ಣನ್ನು ಬಿಟ್ಟುಕೊಡಬೇಕು. ಈ ಆಟದಲ್ಲಿ ಶಶಿಕಲಾ ಸೋತದ್ದನ್ನು ನಾನು ಕಂಡಿಲ್ಲ.

ಇಷ್ಟು ಓದಿ ನಿಮಗೆ ನಿಮ್ಮ ಊರಿನ ಗುಡ್ಡ ನೆನಪಾಗಿದ್ದರೆ ಸಂತೋಷ. ಆದರೆ ಆ ಹಣ್ಣಿನ ಬೀಜದಿಂದ ನಾವು ಮಕ್ಕಳು ಒಂದು ಬೇಲಿಯನ್ನು ಬೆಳೆಸಿದೆವು, ಆ ಬೇಲಿ ಶಶಿಯ ದಾರಿಯನ್ನು ಮುಚ್ಚಿತು. ನಾನು ಬರೆಯಹೊರಟಿರುವುದು ಅದನ್ನು.

ಶಶಿ ನನ್ನ ತರಗತಿಯವಳು, ಬಡಾವಣೆಯವಳಲ್ಲ. ಗುಡ್ಡದ ಬುಡದಲ್ಲಿ, ಕಲ್ಲು ಕಡಿದು ಬಿಟ್ಟುಹೋದ ಹಳೆಯ ಕೋರೆಯ ತಳದಲ್ಲಿ ಹತ್ತು ಹನ್ನೆರಡು ಮನೆಗಳಿದ್ದವು. ಅವುಗಳಲ್ಲೊಂದರಲ್ಲಿ ಅವಳೂ ಅವಳ ಅಜ್ಜಿ ದೇಯಿಯೂ ಇದ್ದರು. ಅವರ ಜಾತಿಯ ಹೆಸರನ್ನು ನಮ್ಮ ಮನೆಯಲ್ಲಿ ದನಿ ತಗ್ಗಿಸಿ, ರೋಗದ ಹೆಸರು ಹೇಳುವಂತೆ ಹೇಳುತ್ತಿದ್ದರು. ಅಜ್ಜಿಯನ್ನು ಮನೆಮಂದಿಯೆಲ್ಲ, ನಾನೂ ಸೇರಿ, ಏಕವಚನದಲ್ಲೇ ಮಾತಾಡಿಸುತ್ತಿದ್ದೆವು. ಈಗ ಬರೆಯುವಾಗ ಗೌರವದಿಂದ ಬರೆಯುತ್ತಿದ್ದೇನೆ. ಅದರಿಂದ ಅವರಿಗೆ ದಕ್ಕುವುದು ಏನೂ ಇಲ್ಲ.

ಕೋರೆಯ ಗೋಡೆಯಲ್ಲಿ ಮೆಟ್ಟಿಲಿನಂತೆ ಕಡಿದ ಕಲ್ಲುಗಳನ್ನು ಹತ್ತಿ, ಕರಂಡೆ ಪೊದೆಗಳ ನಡುವೆ ನುಸುಳಿ, ನಮ್ಮ ಬಡಾವಣೆಯ ತುದಿಯ ಖಾಲಿ ಜಾಗ ದಾಟಿದರೆ ಶಾಲೆಯ ಹಿಂದಿನ ಗೇಟು. ಐದು ನಿಮಿಷದ ಕಾಲುದಾರಿ. ಅದನ್ನು ಬಿಟ್ಟರೆ ಅವರಿಗಿದ್ದದ್ದು ಹೆದ್ದಾರಿಯೊಂದೇ: ಬಂದರಿನ ಕಡೆಯ ಲಾರಿಗಳೂ ಎಕ್ಸ್‌ಪ್ರೆಸ್ ಬಸ್ಸುಗಳೂ ಒಂದನ್ನೊಂದು ಒತ್ತಿಕೊಂಡು ಓಡುವ ರಸ್ತೆಯ ಅಂಚು ಹಿಡಿದು, ನಂತೂರಿನ ವೃತ್ತ ದಾಟಿ, ಗುಡ್ಡವನ್ನು ಪೂರ್ತಿ ಸುತ್ತಿ ಬರಬೇಕು. ಕಾಲುದಾರಿ ಬಡಾವಣೆಗಿಂತ ಹಳೆಯದು. ಅಜ್ಜಿ ಹುಡುಗಿಯಾಗಿದ್ದಾಗ ಕಲ್ಲು ಹೊತ್ತದ್ದೂ ಅದೇ ದಾರಿಯಲ್ಲಿ.

ಗುಡ್ಡ ಒಂದು ಕಾಲಕ್ಕೆ ನನ್ನ ಅಜ್ಜನದು. ಅವರು ಅದನ್ನು ಸೈಟುಗಳಾಗಿ ಮಾರಿದರು. ಹೋಟೆಲು ನಡೆಸುತ್ತಿದ್ದ ನನ್ನ ಪಪ್ಪ ಬಡಾವಣೆಯ ನಿವಾಸಿಗಳ ಸಂಘಕ್ಕೆ ಕಾರ್ಯದರ್ಶಿ. ಕೋರೆಯವರು ಮನೆಗಳ ಪಕ್ಕದಲ್ಲೇ ಓಡಾಡುವುದು ಸಂಘಕ್ಕೆ ಸರಿಕಾಣುತ್ತಿರಲಿಲ್ಲ. ಏನೋ ಕಳುವಾಗುತ್ತದೆ ಎನ್ನುತ್ತಿದ್ದರು. ಯಾರ ಮನೆಯಲ್ಲಿ ಏನು ಕಳುವಾಯಿತು ಎಂದು ಕೇಳಿದರೆ ಉತ್ತರವಿರಲಿಲ್ಲ. ಗೋಡೆ ಕಟ್ಟಲು ಹೊರಟಾಗ, ಕಾಲುದಾರಿ ಹಳೆಯ ನಕ್ಷೆಯಲ್ಲಿ ಉಂಟು, ಗೋಡೆ ಕಟ್ಟುವ ಹಾಗಿಲ್ಲ ಎಂದು ಪಾಲಿಕೆಯಿಂದ ಬಂದವರು ತಡೆದರಂತೆ. ಇದೆಲ್ಲ ನನಗೆ ಗೊತ್ತಾದದ್ದು ದೊಡ್ಡವಳಾದ ಮೇಲೆ. ಆ ಬೇಸಗೆಯಲ್ಲಿ ನನಗೆ ಗೊತ್ತಿದ್ದದ್ದು ಒಂದೇ: ಸೆಲಿನ್ ಟೀಚರ್ ನಮ್ಮಿಂದ ಗಿಡ ಬೆಳೆಸುತ್ತಾರೆ.

ಸೆಲಿನ್ ಟೀಚರ್ ನಿವೃತ್ತರಾಗಿ ನಮ್ಮ ಎದುರುಮನೆಯಲ್ಲಿದ್ದರು. ಮಕ್ಕಳಿಬ್ಬರೂ ದುಬೈಯಲ್ಲಿದ್ದರು, ಅವರ ಅಂಗಳ ಊರಿನ ಮಕ್ಕಳಿಗೆಲ್ಲ ತೆರೆದಿತ್ತು. ಬಡಾವಣೆಯ ಅಂಚಿಗೆ ಊರಿನದೇ ಗಿಡ ನೆಡಬೇಕು, ಅದೂ ಕರಂಡೆಯೇ ಆಗಬೇಕು, ಅದನ್ನು ಮಕ್ಕಳೇ ಬೀಜದಿಂದ ಎಬ್ಬಿಸಬೇಕು ಎಂದು ಸಂಘ ಅವರಿಗೆ ವಹಿಸಿತ್ತು. ಟೀಚರ್ ಪುಸ್ತಕ ಓದಿದವರು. ಹಿಂದಿನ ವರ್ಷದ ಬೀಜಗಳನ್ನು ಬಿಸಿಲಿಗೆ ಒಣಗಿಸಿ ಬಾಟಲಿಯಲ್ಲಿ ಕಾದಿಟ್ಟಿದ್ದರು. ಹಾಲಿನ ಖಾಲಿ ಕವರುಗಳಿಗೆ ಮಣ್ಣು ತುಂಬಿ, ಬೀಜ ಹಾಕಿ, ಇಪ್ಪತ್ತು ದಿನ ನೀರು ಹನಿಸಿದೆವು. ಒಂದೂ ಮೊಳೆಯಲಿಲ್ಲ. ಗೆಲ್ಲು ಕಡಿದು ಊರಿದೆವು. ಅವೂ ಕಪ್ಪಾಗಿ ಸತ್ತವು. ಶಶಿ ನನ್ನ ಕಿವಿಯಲ್ಲಿ, ನನ್ನ ಅಜ್ಜಿಗೆ ಗೊತ್ತುಂಟು ಎಂದಳು. ನಾನು ಅದನ್ನು ಗಟ್ಟಿಯಾಗಿ ಎಲ್ಲರಿಗೂ ಹೇಳಿದೆ. ಅಜ್ಜಿಯನ್ನು ಕರೆಸಿದವಳು ನಾನು, ಅದೂ ಲೆಕ್ಕದಲ್ಲಿರಲಿ.

ದೇಯಿ ಅಜ್ಜಿ ಬಂದು ಬಾಟಲಿಯನ್ನು ಅಲುಗಾಡಿಸಿ ನೋಡಿ ನಕ್ಕರು. ಅವರ ಮಾತೆಲ್ಲ ತುಳುವಿನಲ್ಲಿ. ನಾನಿಲ್ಲಿ ಕನ್ನಡಕ್ಕೆ ತರುತ್ತಿದ್ದೇನೆ.

“ಇದು ಸತ್ತ ಬೀಜ ಟೀಚರಮ್ಮ. ಒಣಗಿಸಿದ್ರೆ ಮತ್ತೆ ಏಳುವುದಿಲ್ಲ. ಇವತ್ತು ಹಿಂಡಿದ್ದು ಇವತ್ತೇ ಮಣ್ಣಿಗೆ ಹೋಗ್ಬೇಕು.”

ಮರುದಿನದಿಂದ ಕಲಿಸುವವರು ಅವರು, ಕಲಿಯುವವರಲ್ಲಿ ಟೀಚರೂ ಒಬ್ಬರು. ಪೂರ್ತಿ ಕಪ್ಪಾದ, ಮುಟ್ಟಿದರೆ ಬಿಟ್ಟುಬರುವ ಹಣ್ಣನ್ನೇ ಆರಿಸಬೇಕು. ಬಾಲ್ದಿಯಲ್ಲಿ ಹಾಕಿ ಹಿಸುಕಬೇಕು. ಹಣ್ಣಿನ ಬಿಳಿ ಹಾಲು ಬೀಜಕ್ಕೆ ಅಂಟಿಕೊಂಡಿದ್ದರೆ ಇರುವೆ ಬರುತ್ತದೆ, ಬೂಸು ಹಿಡಿಯುತ್ತದೆ; ಆದುದರಿಂದ ಒಲೆಯ ಬೂದಿ ಹಾಕಿ ಉಜ್ಜಿ ತೊಳೆಯಬೇಕು. ಕೆಮ್ಮಣ್ಣು, ಹೊಳೆಮರಳು, ಹಳೆಯ ಸೆಗಣಿಗೊಬ್ಬರ ಬೆರೆಸಿ, ಅರ್ಧ ಬೆರಳಿನಾಳಕ್ಕೆ ಎರಡೆರಡು ಬೀಜ ಹಾಕಿ, ಹಲಸಿನ ಮರದ ನೆರಳಿನಲ್ಲಿಟ್ಟು ಒದ್ದೆ ಗೋಣಿ ಹೊದಿಸಬೇಕು. ನಮ್ಮ ಕೈಗಳು ನೇರಳೆಯಾದವು, ಬೆರಳಿಗೆ ಬೆರಳು ಅಂಟಿತು. ತೆಂಗಿನೆಣ್ಣೆ ಸವರಿ ಬಿಡಿಸಿಕೊಂಡೆವು. ಹುಳಿಬಂದ ಹಣ್ಣು, ಬೂದಿ, ಒದ್ದೆ ಗೋಣಿ ಮೂರೂ ಸೇರಿದ ಆ ವಾಸನೆ ಈಗ ಎಲ್ಲಿ ಬಂದರೂ ನಾನು ಅಲ್ಲಿಂದ ಎದ್ದು ಹೊರಡುತ್ತೇನೆ.

ಬೀಜದಿಂದ ಬಂದ ಗಿಡ ನಿಧಾನ ಎಂದು ಅಜ್ಜಿ ಇನ್ನೊಂದು ಕೆಲಸವನ್ನೂ ಮಾಡಿದರು. ಹಳೆಯ ಪೊದೆಯ ಕೆಳಗಿನ ಗೆಲ್ಲುಗಳನ್ನು ನೆಲಕ್ಕೆ ಬಗ್ಗಿಸಿ, ಅಡಿಭಾಗದ ತೊಗಟೆಯನ್ನು ಚೂರು ಸೀಳಿ, ಮಣ್ಣು ಮುಚ್ಚಿ, ಮೇಲೊಂದು ಕಲ್ಲು ಹೇರಿದರು. ಮಳೆಗಾಲ ಮುಗಿಯುವಾಗ ಅಲ್ಲೇ ಬೇರು ಬಿಟ್ಟಿರುತ್ತದೆ, ಆಮೇಲೆ ಕಡಿದು ಬೇರೆ ಮಾಡಿ ಎಂದರು. ಹಾಗೆ ಹನ್ನೆರಡು ಗೆಲ್ಲು. ಕೆಲಸ ಮುಗಿದಾಗ ಅಮ್ಮ ಅವರಿಗೆ ಚಹಾ ಕೊಟ್ಟಳು, ಕಂಪೌಂಡಿನ ಗೋಡೆಯ ಮೇಲೆ ಮಗುಚಿಟ್ಟಿರುತ್ತಿದ್ದ ಬೇರೆ ಗ್ಲಾಸಿನಲ್ಲಿ. ಅಜ್ಜಿ ಕುಡಿದು, ತಾವೇ ತೊಳೆದು, ಮತ್ತೆ ಮಗುಚಿಟ್ಟು ಹೋದರು.

ಮೂರನೆಯ ವಾರ ಜೋಡಿ ಎಲೆಗಳು ತಲೆಯೆತ್ತಿದವು. ಯಾರ ಕವರಿನಲ್ಲಿ ಎಷ್ಟು ಎಂದು ಪೈಪೋಟಿ. ಶಶಿಯದು ಇಪ್ಪತ್ತೊಂದು, ನನ್ನದು ಹದಿಮೂರು. ನನಗೆ ಹೊಟ್ಟೆಕಿಚ್ಚಾಯಿತು. ಶಶಿ ನಾಲ್ಕು ಸಸಿಗಳನ್ನು ನನ್ನ ಸಾಲಿಗೆ ಸರಿಸಿ, “ಈಗ ಸಮ ಆಯ್ತಲ್ಲ” ಎಂದಳು. ಸಮವಾದದ್ದು ಸಸಿಗಳು ಮಾತ್ರ.

ವರ್ಷವಿಡೀ ನಾವು ಅವುಗಳಿಗೆ ನೀರೆರೆದೆವು. ಮುಂದಿನ ಮಳೆಗಾಲಕ್ಕೆ ಕೆಲವು ದಿನವಿದ್ದಾಗ ಒಂದು ಭಾನುವಾರ ಬೆಳಿಗ್ಗೆ ಸಂಘದವರು ನಮ್ಮ ಮನೆಯ ಜಗಲಿಯಲ್ಲಿ ಸೇರಿದ್ದರು. ನಾನು ಚಹಾದ ಟ್ರೇ ಹಿಡಿದು ನಿಂತಿದ್ದೆ. ಯಾರೋ, ಗಿಡ ದೊಡ್ಡದಾಗುವಾಗ ವರ್ಷಗಟ್ಟಲೆ ಬೇಕು, ಗೋಡೆಯ ವಿಷಯ ಎಂತ ಮಾಡಿದ್ರಿ ಎಂದು ಕೇಳಿದರು. ಪಪ್ಪ ಗ್ಲಾಸು ತೆಗೆದುಕೊಳ್ಳುತ್ತ ನನ್ನ ತಲೆ ಸವರಿದರು.

“ಗೋಡೆ ಕಟ್ಟಿದ್ರೆ ಅರ್ಜಿ ಹಾಕ್ಲಿಕ್ಕೆ ಜನ ಉಂಟು ಮಾರಾಯ. ಮಕ್ಕಳು ನೆಟ್ಟ ಗಿಡದ ಮೇಲೆ ಯಾರು ಅರ್ಜಿ ಹಾಕ್ತಾರೆ? ಸುತ್ತ ಒಂದು ತಂತಿ ಎಳೆದ್ರೆ ಆಯ್ತು, ಗಿಡದ ರಕ್ಷಣೆಗೆ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಅದು ನಮ್ಮ ಗಿಡಗಳ ಹೊಗಳಿಕೆಯೆಂದೇ ತಿಳಿದೆ. ಮರುದಿನ ಶಾಲೆಯಲ್ಲಿ ಶಶಿಗೆ ಹೇಳಿದೆ: ನಮ್ಮ ಗಿಡವನ್ನು ಯಾರೂ ಏನೂ ಮಾಡುವ ಹಾಗಿಲ್ಲವಂತೆ, ಅದಕ್ಕೆ ತಂತಿಯೂ ಬರುತ್ತದಂತೆ. ಅವಳಿಗೂ ಖುಷಿಯಾಯಿತು. ಕೋರೆಯ ಆಡುಗಳು ತಿನ್ನುತ್ತವೋ ಎಂದು ಅವಳಿಗೆ ಹೆದರಿಕೆಯಿತ್ತು.

ಜೂನಿನಲ್ಲಿ ನೆಟ್ಟೆವು. ಒಂದೂವರೆ ಅಡಿಗೊಂದು, ಎರಡು ಸಾಲು, ಒಂದರ ಸಂದಿಗೆ ಇನ್ನೊಂದು ಬರುವಂತೆ. ಅಷ್ಟು ಒತ್ತಾಗಿ ನೆಟ್ಟರೆ ಹಣ್ಣು ಹೆಚ್ಚು ಬಿಡುವುದಿಲ್ಲ, ಬೇಲಿ ಗಟ್ಟಿಯಾಗುತ್ತದೆ. ಅಳತೆ ಕೊಟ್ಟ ಸಂಘದವರಿಗೆ ಅದು ಚೆನ್ನಾಗಿ ಗೊತ್ತಿತ್ತು. ಬೀಜದ ಸಸಿಗಳು ಗೇಣುದ್ದವಿದ್ದವು. ಅಜ್ಜಿ ನೆಲಕ್ಕೆ ಬಗ್ಗಿಸಿ ಬೇರು ತರಿಸಿದ್ದ ಹನ್ನೆರಡು ಗಿಡಗಳು ಮಾತ್ರ ಆಗಲೇ ಮೊಣಕಾಲೆತ್ತರ, ಮುಳ್ಳು ಬಲಿತವು. ದೊಡ್ಡ ಗಿಡಗಳನ್ನು ನಡುವೆ ಇಡಿ ಎಂದು ಪಪ್ಪ ಜಾಗ ತೋರಿಸಿದರು. ಆ ನಡುವೆಯೆಂದರೆ ಕಾಲುದಾರಿ. ಜನ ನಡೆದು ನಡೆದು ಗಟ್ಟಿಯಾದ ನೆಲ. ಗುದ್ದಲಿ ಇಳಿಯಲಿಲ್ಲ, ಹಾರೆ ತರಿಸಬೇಕಾಯಿತು. ಶಶಿ ಅಲ್ಲಿ ಮೂರು ಗಿಡ ನೆಟ್ಟಳು. ಪತ್ರಿಕೆಗೆಂದು ಫೋಟೋ ತೆಗೆದರು. ಆಮೇಲೆ ಸೆಲಿನ್ ಟೀಚರರ ಅಂಗಳದಲ್ಲಿ ಗೋಳಿಬಜೆ, ಚಟ್ನಿ. ನಾವು ತಿನ್ನುತ್ತಿದ್ದ ಅರ್ಧ ಗಂಟೆಯಲ್ಲಿ ಆಳುಗಳು ಮೊದಲೇ ಹುಗಿದಿಟ್ಟಿದ್ದ ಕಂಬದಿಂದ ಕಂಬಕ್ಕೆ ಮುಳ್ಳುತಂತಿ ಎಳೆದು ಮುಗಿಸಿದ್ದರು.

ಶಶಿ ಅಜ್ಜಿಗೆಂದು ಎರಡು ಗೋಳಿಬಜೆಗಳನ್ನು ಕಾಗದದಲ್ಲಿ ಕಟ್ಟಿಕೊಂಡು ಬಂದು ತಂತಿಯ ಮುಂದೆ ನಿಂತಳು. ಆಚೆ ಕೋರೆಯ ಮೆಟ್ಟಿಲು ಕಾಣುತ್ತಿತ್ತು.

“ಚೈತ್ರಾ, ನಾನು ಎಲ್ಲಿಂದ ಹೋಗುವುದು?”

ಪಪ್ಪ ಹತ್ತಿರ ಬಂದು ಬಹಳ ಮೃದುವಾಗಿ, ಸ್ವಲ್ಪ ದಿನ ರಸ್ತೆಯಿಂದ ಹೋಗು ಮಗಾ, ಗಿಡ ಬೇರು ಹಿಡಿಯಲಿ ಎಂದರು. ಅವರು ಬೈದಿದ್ದರೆ ಶಶಿಗೆ ಅರ್ಥವಾಗುತ್ತಿತ್ತು. ಅವಳು ತಲೆಯಾಡಿಸಿ, ಗುಡ್ಡದ ಇನ್ನೊಂದು ಬದಿಗೆ ನಡೆದಳು. ತಾನು ನೆಟ್ಟ ಗಿಡ ಬದುಕಲಿ ಎಂದು ಅವಳು ನಿಜವಾಗಿ ಬಯಸಿದ್ದಳು.

ಸಸಿಗಳನ್ನು ಕಾಯಲು ನಮಗೆ ಸರದಿ ಹಾಕಿದ್ದರು. ವಾರ ಕಳೆದಿರಬೇಕು, ಶಾಲೆಗೆ ರಜೆಯಿದ್ದ ಒಂದು ಬೆಳಿಗ್ಗೆ ನನ್ನ ಪಾಳಿ. ಸಣ್ಣ ಮಳೆ. ದೇಯಿ ಅಜ್ಜಿ ತಿಮರೆ ಎನ್ನುವ ಒಂದೆಲಗದ ಸೊಪ್ಪು, ಕೆಸುವಿನೆಲೆಗಳ ಬುಟ್ಟಿ ಹೊತ್ತು ಕೋರೆಯ ಮೆಟ್ಟಿಲು ಹತ್ತಿ ಬಂದರು. ಬಡಾವಣೆಯ ಮನೆಮನೆಗೆ ಮಾರುವುದು ಅವರ ನಿತ್ಯದ ಕೆಲಸ. ಬುಟ್ಟಿಯನ್ನು ಕೆಳಗಿಟ್ಟು, ಸೆರಗನ್ನು ಕೈಗೆ ಸುತ್ತಿಕೊಂಡು ತಂತಿಯನ್ನು ಎತ್ತಿದರು. ನಾನು ಕೊಡೆ ಹಿಡಿದು ಓಡಿದೆ. ಹೇಳಿದ್ದು ನಾನೇ, ಯಾರೂ ಹೇಳಿಕೊಟ್ಟದ್ದಲ್ಲ.

“ದಾಟಬೇಡ ಅಜ್ಜಿ. ಗಿಡ ಸಾಯ್ತದೆ. ಇದರಲ್ಲಿ ಶಶಿ ನೆಟ್ಟದ್ದೂ ಉಂಟು.”

ಅಜ್ಜಿ ತಂತಿ ಬಿಟ್ಟರು. ಸಿಟ್ಟಾಗಲಿಲ್ಲ. “ಹೌದಾ ಮಗಾ? ಶಶಿ ನೆಟ್ಟದ್ದು ಯಾವುದು?”

ತೋರಿಸಿದೆ. ಮಳೆಗೆ ಒಂದು ಗಿಡದ ಬುಡದ ಮಣ್ಣು ಕೊಚ್ಚಿಹೋಗಿ ಬೇರು ಕಾಣುತ್ತಿತ್ತು. ಅಜ್ಜಿ ಕುಕ್ಕರಗಾಲಲ್ಲಿ ಕೂತು, ತಂತಿಯ ಸಂದಿಯಿಂದ ಕೈ ತೂರಿಸಿ, ಮಣ್ಣು ಎಳೆದು ಮುಚ್ಚಿ ಬೆರಳಿನಿಂದ ಒತ್ತಿದರು. ಕೈ ಹಿಂದಕ್ಕೆಳೆಯುವಾಗ ಮುಂಗೈಯಲ್ಲಿ ಗೀರು ಬಿದ್ದು ರಕ್ತ ಬಂತು. ಅದನ್ನು ಸೀರೆಗೆ ಒರೆಸಿಕೊಂಡು, ಬುಟ್ಟಿ ಎತ್ತಿ, ಬಂದ ಮೆಟ್ಟಿಲನ್ನೇ ಇಳಿದುಹೋದರು. ಸಂಜೆ ಪಪ್ಪ ನನ್ನ ಜಾಣತನವನ್ನು ಎಲ್ಲರೆದುರು ಹೊಗಳಿದರು. ಐಸ್‌ಕ್ರೀಮ್ ಸಿಕ್ಕಿತು. ತಿಂದೆ.

ಆಮೇಲಿನದು ಬೇಗ ನಡೆಯಿತು. ಶಶಿ ದಿನವೂ ತಡವಾಗಿ, ಲಂಗದಂಚಿಗೆ ಹೆದ್ದಾರಿಯ ಕೆಸರು ಹತ್ತಿಸಿಕೊಂಡು ಬರತೊಡಗಿದಳು. ಮೊದಲ ಪೀರಿಯಡ್ ಮುಗಿಯುವವರೆಗೆ ಅವಳು ಬಾಗಿಲ ಹೊರಗೆ ನಿಲ್ಲಬೇಕಿತ್ತು. ಒಂದು ದಿನ ಕ್ಲಾಸ್ ಟೀಚರ್, ಇವಳ ಮನೆಯ ಹತ್ತಿರದವರು ಯಾರಿದ್ದೀರಿ, ಯಾಕೆ ತಡ ಅಂತ ಯಾರಿಗಾದರೂ ಗೊತ್ತುಂಟಾ ಎಂದು ಕೇಳಿದರು. ನನಗೆ ಗೊತ್ತಿತ್ತು. ನಾನು ಬೆಂಚಿನ ಮೇಲೆ ಕೊರೆದ ಯಾರದೋ ಹೆಸರನ್ನು ಓದುತ್ತ ಕುಳಿತೆ. ಬಾಗಿಲಾಚೆಯಿಂದ ಶಶಿ ನನ್ನನ್ನೇ ನೋಡುತ್ತಿದ್ದಳು.

ಜುಲೈಯಲ್ಲಿ, ಬುಟ್ಟಿ ಹೊತ್ತು ಹೆದ್ದಾರಿಯ ಅಂಚಿನಲ್ಲಿ ಬರುತ್ತಿದ್ದ ಅಜ್ಜಿ ಹಿಂದಿನಿಂದ ಬಂದ ಲಾರಿಯ ಹಾರ್ನಿಗೆ ಬೆಚ್ಚಿ ಬದಿಗೆ ಸರಿದರು. ಬದಿಯಲ್ಲಿ ನೀರು ತುಂಬಿದ ಚರಂಡಿ. ಸೊಂಟದ ಮೂಳೆ ಮುರಿಯಿತು. ಅವರು ಮತ್ತೆ ನಡೆಯಲಿಲ್ಲ. ಗಂಜಿ ಬೇಯಿಸಲು, ಮಲಗಿದಲ್ಲಿಂದ ಎತ್ತಿ ಕೂರಿಸಲು ಮನೆಯಲ್ಲಿದ್ದವಳು ಶಶಿಯೊಬ್ಬಳೇ. ದಸರಾ ರಜೆ ಮುಗಿದು ಹೋದಾಗ ಅವಳ ಜಾಗ ಖಾಲಿ. ಎರಡು ವರ್ಷ ಅಜ್ಜಿ ಹಾಗೆಯೇ ಇದ್ದು ತೀರಿಕೊಂಡರು. ಶಶಿಯನ್ನು ಕೂಳೂರಿನ ಚಿಕ್ಕಮ್ಮ ಕರೆದುಕೊಂಡು ಹೋದರೆಂದು ಕೇಳಿದೆ. ನಮ್ಮ ಮನೆಯಲ್ಲಿ ಅಮ್ಮ, ಪಾಪ ಎಂದಳು. ತಂತಿ ಇದ್ದಲ್ಲೇ ಇತ್ತು. ನಾಲ್ಕು ವರ್ಷದಲ್ಲಿ ಕರಂಡೆ ಅದನ್ನು ನುಂಗಿ ಎದೆಯೆತ್ತರ ಬೆಳೆಯಿತು. ಆಮೇಲೆ ತಂತಿಯ ಅಗತ್ಯವೇ ಇರಲಿಲ್ಲ.

ನಾನು ವಿಶ್ವವಿದ್ಯಾನಿಲಯಕ್ಕೆ ಹೋದೆ. ಹಕ್ಕು, ನೆಲ, ಹೊರಗಿಡುವಿಕೆ ಎಂಬ ಪದಗಳನ್ನು ಕಲಿತು ಅವುಗಳ ಮೇಲೆ ಪ್ರಬಂಧ ಬರೆದು ಚಪ್ಪಾಳೆ ಪಡೆದೆ. ಕಳೆದ ವರ್ಷ ಊರಿಗೆ ಬಂದಾಗ ಬೇಲಿಯ ಮುಂದೆ ಹೊಸ ಫಲಕವಿತ್ತು: ಇದು ಜೀವವೈವಿಧ್ಯದ ಬೇಲಿ, ಬಡಾವಣೆಯ ಮಕ್ಕಳ ಕೊಡುಗೆ. ಅದನ್ನು ಓದಿದ ದಿನವೇ ಮನೆಗೆ ಬಂದು ಪಪ್ಪನನ್ನು ಕೇಳಿದೆ. ಅವರು ಟಿವಿಯ ದನಿ ತಗ್ಗಿಸಿದರು.

“ಹದಿನಾರು ವರ್ಷ ಆಯ್ತು. ಈಗ ಎಂತಕ್ಕೆ ಅದನ್ನು ಕೆದಕುವುದು? ಮತ್ತೆ, ನೆಟ್ಟದ್ದು ನಾನಲ್ಲ ಚೈತ್ರಾ. ನೀವು.”

ಸೆಲಿನ್ ಟೀಚರಿಗೆ ಈಗ ಕಣ್ಣು ಮಂಜು. ಗಿಡ ಬೇಲಿಗೆಂದು ನನಗೆ ಗೊತ್ತಿತ್ತು, ನಡುವೆ ಒಂದು ಗೇಟಾದರೂ ಬಿಡುತ್ತಾರೆ ಎಂದುಕೊಂಡಿದ್ದೆ ಎಂದರು. ಬಿಡದಿದ್ದಾಗ ಏಕೆ ಕೇಳಲಿಲ್ಲ ಎಂದೆ. ಅವರು ಜಪಸರದ ಮಣಿಗಳನ್ನು ಸವರುತ್ತ, ಗಿಡಗಳು ಅಷ್ಟು ಚೆನ್ನಾಗಿ ಬಂದಿದ್ದವು ಎಂದರು.

ಸಂಘಕ್ಕೆ ನಾನು ಪತ್ರ ಬರೆದೆ: ನಕ್ಷೆಯ ಪ್ರತಿ ಇಟ್ಟು, ಬೇಲಿಯ ನಡುವೆ ಆರು ಅಡಿ ತೆರೆಯಬೇಕು, ಮುಚ್ಚಿದ್ದಕ್ಕೆ ಲಿಖಿತವಾಗಿ ಉತ್ತರಿಸಬೇಕು, ಕ್ಷಮೆ ಕೇಳಬೇಕು ಎಂದು. ಮಕ್ಕಳ ಶ್ರಮವನ್ನು ಕಡಿಯಲು ಮನಸ್ಸಿಲ್ಲ ಎಂದು ಉತ್ತರ ಬಂತು. ಹಾಗಾದರೆ ಪಾಲಿಕೆಗೆ ಹೋಗುವುದೆಂದು ಅರ್ಜಿ ಸಿದ್ಧಮಾಡಿ, ಅದಕ್ಕೆ ಶಶಿಯ ಸಹಿ ಬೇಕೆನಿಸಿ ಅವಳನ್ನು ಹುಡುಕಿದೆ. ಕೂಳೂರು ಸೇತುವೆ ದಾಟಿದ ಕೂಡಲೇ ಇರುವ ಬಸ್‌ಸ್ಟಾಪಿನಲ್ಲಿ ಸಿಕ್ಕಳು. ಬಟ್ಟೆಯಂಗಡಿಯೊಂದರಲ್ಲಿ ಸೇಲ್ಸ್‌ಗರ್ಲ್, ಕೆಲಸಕ್ಕೆ ಹೊರಟಿದ್ದಳು. ನಾನು ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಅಜ್ಜಿಯನ್ನು ತಡೆದವಳು ನಾನು ಎಂದೂ ಹೇಳಿದೆ. ಅವಳಿಗೆ ಗೊತ್ತಿತ್ತು, ಅಜ್ಜಿ ಹೇಳಿದ್ದರು. ಅರ್ಜಿಯನ್ನು ತೆಗೆದುಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದಳು, ಮಡಚಿ ಹಿಂದೆ ಕೊಟ್ಟಳು.

“ನನ್ನ ಸಹಿ ನಿನಗೆ ಎಂತಕ್ಕೆ? ನಿನ್ನ ಮನಸ್ಸಿಗೆ ಸಮಾಧಾನ ಆಗ್ಲಿಕ್ಕಾ? ಅಜ್ಜಿ ಹೋಗಿ ಆಯ್ತು, ನನ್ನ ಶಾಲೆಯೂ ಹೋಗಿ ಆಯ್ತು. ಕೋರೆಯಲ್ಲಿ ಈಗಲೂ ನಾಲ್ಕು ಮನೆ ಉಂಟು, ಶಾಲೆಗೆ ಹೋಗುವ ಮಕ್ಕಳು ಉಂಟು. ಅವರನ್ನು ಕೇಳಿದ್ಯಾ?”

ಕೇಳಿರಲಿಲ್ಲ. ಅರ್ಜಿ ಬರೆಯುವಾಗ ಅವರು ನೆನಪಿಗೇ ಬಂದಿರಲಿಲ್ಲ. ಅವಳ ಬಸ್ಸು ಬಂತು, ಹತ್ತಿದಳು, ತಿರುಗಿ ನೋಡಲಿಲ್ಲ.

ಬಾಲ್ಯದ ನೆನಪು ಬರೆಯುವವರು ಕೊನೆಗೆ ಕಳೆದುಕೊಂಡದ್ದನ್ನು ಎಣಿಸುತ್ತಾರೆ. ನನಗೆ ಆ ಹಕ್ಕಿಲ್ಲ. ಗುಡ್ಡದ ಕಾಡುಪೊದೆಗಳು ಹೋದವು, ಮಕ್ಕಳ ಆಟ ಹೋಯಿತು ಎಂದು ನಾನು ಅತ್ತರೆ ಅದು ಕಪಟ. ನನ್ನ ಮನೆಯ ಹಿತ್ತಿಲಲ್ಲಿ ಇಂದಿಗೂ ಕರಂಡೆ ಹಣ್ಣು ಉದುರುತ್ತದೆ. ಕಳೆದುಕೊಂಡವರು ಬೇರೆಯವರು, ಅದನ್ನು ಅಳೆಯಲು ಒಂದೇ ದಾರಿ ಉಳಿದಿತ್ತು. ಮರುದಿನ ಬೆಳಿಗ್ಗೆ ಎಂಟಕ್ಕೆ, ಅರ್ಜಿಯನ್ನು ಬ್ಯಾಗಿಗೆ ಹಾಕಿಕೊಂಡು, ಶಾಲೆಯ ಗೇಟಿನಿಂದ ಹೊರಟು ಗುಡ್ಡ ಇಳಿದೆ. ನಂತೂರಿನ ವೃತ್ತ ದಾಟಲು ನಾಲ್ಕು ಸಲ ಹೆಜ್ಜೆಯಿಟ್ಟು ನಾಲ್ಕು ಸಲ ಹಿಂದೆ ಸರಿದೆ. ಲಾರಿಗಳ ಗಾಳಿಗೆ ಚೂಡಿದಾರದ ಶಾಲು ಕುತ್ತಿಗೆಗೆ ಬಿಗಿಯಿತು. ಕೋರೆಯ ಮೊದಲ ಮನೆಯ ಬಾಗಿಲು ತಟ್ಟುವಾಗ ಮೊಬೈಲಿನಲ್ಲಿ ನಲವತ್ತೊಂದು ನಿಮಿಷ ಕಳೆದಿತ್ತು. ಆ ಗುಡ್ಡದ ಮೇಲೆ ಹುಟ್ಟಿ ಬೆಳೆದ ನಾನು ಆ ರಸ್ತೆಯಲ್ಲಿ ಅದುವರೆಗೆ ಒಂದು ಸಲವೂ ನಡೆದಿರಲಿಲ್ಲ.